ಮಳೆಯ ಊರಿನಲ್ಲಿ ಒಣನಾಡಿನ ಹಲ್ಲಿ

ಕೇಳುಗರಿಗೆ ನಮಸ್ಕಾರ.

ಗೋಡೆ ತುಂಬ ಹಲ್ಲಿಗಳು ಬಿಟ್ಟಿಯಾಗಿ ಓಡಾಡುವ ನಾಡಿನಲ್ಲಿ ದುಡ್ಡು ಕೊಟ್ಟು ಗೆಕ್ಕೊ ಎಂಬ ಸಾಕುಹಲ್ಲಿ ತರುತ್ತೇನೆ ಎಂದರೆ ಮನೆಯ ಹಿರಿಯರು ನಗುತ್ತಾರೆ. ನಗಲಿ, ಅದರಿಂದ ನಷ್ಟವಿಲ್ಲ. ನಷ್ಟವಾಗುವುದು ಸಾಕುವ ಕ್ರಮವನ್ನು ಮೊಬೈಲಿನಲ್ಲಿ ನೋಡಿ ಹಾಗೆಯೇ ಮಾಡಿದಾಗ. ಆ ವೀಡಿಯೊಗಳಲ್ಲಿ ಹೆಚ್ಚಿನವು ಚಳಿದೇಶದವರು ಮಾಡಿದ್ದು. ಪೆಟ್ಟಿಗೆಯನ್ನು ಬೆಚ್ಚಗಿಡುವುದು ಹೇಗೆ ಎಂಬುದೇ ಅವರ ಚಿಂತೆ. ಕಾಸರಗೋಡು, ಕುಂಬಳೆ, ಮಂಜೇಶ್ವರದಲ್ಲಿ ಜೂನ್ ಬಂತೆಂದರೆ ಕಪಾಟಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ನಮ್ಮಲ್ಲಿ ಗೆಕ್ಕೊ ಸಾಕುವವರ ನಿಜವಾದ ಶತ್ರು ತೇವ.

ಆಯ್ಕೆಯಿಂದಲೇ ಶುರು ಮಾಡೋಣ. ಕ್ರೆಸ್ಟೆಡ್ ಗೆಕ್ಕೊ ನೋಡಲು ಬಹಳ ಚಂದ. ಅದಕ್ಕೆಂದೇ ಮಾಡಿದ ಹಣ್ಣಿನ ಪುಡಿಯನ್ನು ನೀರಲ್ಲಿ ಕಲಸಿ ಕೊಟ್ಟರೆ ನೆಕ್ಕಿಕೊಂಡು ಇರುತ್ತದೆ. ಹುಳ ಮುಟ್ಟಲು ಹೇಸುವವರಿಗೆ ಆಸೆ ಹುಟ್ಟುವುದು ಸಹಜ. ಆದರೆ ಅದು ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. 22ರಿಂದ 26 ಡಿಗ್ರಿಯ ತಂಪು ಬೇಕು, 28 ದಾಟಿ ದಿನಗಟ್ಟಲೆ ನಿಂತರೆ ಜೀವಕ್ಕೇ ಅಪಾಯ. ಮಾರ್ಚಿನಿಂದ ಮೇ ತನಕ ಹಗಲೂ ರಾತ್ರಿ ಎಸಿ ಓಡುವ ಮನೆಯಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. ಟೋಕೇ ಗೆಕ್ಕೊ ಕೊಡಿಸುತ್ತೇನೆ ಎಂದು ಯಾರಾದರೂ ಗುಟ್ಟಾಗಿ ಹೇಳಿದರೆ ಮಾತೇ ಮುಂದುವರಿಸಬೇಡಿ. ಈಶಾನ್ಯದ ಕಾಡುಗಳಿಂದ ಅದನ್ನು, ಇಲ್ಲದ ಔಷಧಿ ಗುಣ ಹೇಳಿ, ಕದ್ದು ಸಾಗಿಸುತ್ತಾರೆ. 2019ರಿಂದ ಅದು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಮೊದಲ ಸಲ ಸಾಕುವವರಿಗೆ ಲೆಪರ್ಡ್ ಗೆಕ್ಕೊವೇ ಸರಿ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಲ್ಲುನೆಲದ ಪ್ರಾಣಿ. ಪಾದದಲ್ಲಿ ಅಂಟು ಇಲ್ಲ, ಹಾಗಾಗಿ ಗಾಜು ಹತ್ತಿ ಓಡಿಹೋಗುವುದಿಲ್ಲ. ಗೋಡೆಯ ಹಲ್ಲಿಗಿಲ್ಲದ ಕಣ್ಣಿನ ರೆಪ್ಪೆ ಇದಕ್ಕುಂಟು. ಬೆಳೆದರೆ 20ರಿಂದ 25 ಸೆಂಟಿಮೀಟರ್ ಉದ್ದ, ಸುಮಾರು 50ರಿಂದ 80 ಗ್ರಾಂ ತೂಕ. ಆಯುಷ್ಯ 15ರಿಂದ 20 ವರ್ಷ. ಎಸ್ಸೆಸ್ಸೆಲ್ಸಿ ಓದುವ ಹುಡುಗ ತಂದದ್ದಾದರೆ, ಅವನು ಗಲ್ಫಿಗೆ ಹೋದ ಮೇಲೆ ಹುಳ ಹಾಕುವ ಕೆಲಸ ಅಮ್ಮನದೇ. ಅವರ ಒಪ್ಪಿಗೆ ಮೊದಲೇ ಪಡೆಯುವುದು ಒಳ್ಳೆಯದು.

ಇದರದೇ ಬಳಗದ ಇನ್ನೊಂದು ಜಾತಿ ಮಹಾರಾಷ್ಟ್ರ, ಗುಜರಾತಿನ ಕಾಡುಗಳಲ್ಲಿದೆ. ಕಾಡಿನಿಂದ ಹಿಡಿದದ್ದನ್ನು ಕೊಳ್ಳಬೇಡಿ. ಸಾಕಣೆಯಲ್ಲೇ ಹುಟ್ಟಿದ ಮರಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಿದೇಶಿ ಜೀವಿಗಳ ನೋಂದಣಿಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಇದೆ. ನೀವು ತರುವ ಜಾತಿಗೆ ಅದು ಬೇಕೇ ಎಂದು ಅರಣ್ಯ ಕಚೇರಿಯಲ್ಲಿ ಕೇಳಿಯೇ ಹಣ ಕೊಡಿ.

ಅಂಗಡಿಯಲ್ಲಿ ಮೊದಲು ಬಾಲ ನೋಡಿ. ಬಾಲವೇ ಅದರ ಪತ್ತಾಯ. ಉಂಡದ್ದರಲ್ಲಿ ಉಳಿದ ಕೊಬ್ಬನ್ನು ಅಲ್ಲಿ ಕೂಡಿಡುತ್ತದೆ. ಕುತ್ತಿಗೆಯಷ್ಟಾದರೂ ದಪ್ಪ ಇರಬೇಕು. ಕಣ್ಣು ಪೂರ್ತಿ ತೆರೆದಿರಬೇಕು, ದವಡೆ ನೇರ ಇರಬೇಕು, ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗಬಾರದು. ಬೆರಳುಗಳನ್ನು ಒಂದೊಂದಾಗಿ ಎಣಿಸಿ. 10 ಗ್ರಾಂಗಿಂತ ಕಡಿಮೆ ತೂಗುವ ಮರಿ ಹೊಸಬರಿಗೆ ಬೇಡ. ಬಣ್ಣದ ಮೋಹಕ್ಕೆ ಬಿದ್ದು ಎನಿಗ್ಮಾ ತಳಿ ತಂದರೆ ತಲೆ ವಾಲಿಸಿಕೊಂಡು ಸುತ್ತುವ ನರದೋಷ ಬರಬಹುದು. ಲೆಮನ್ ಫ್ರಾಸ್ಟ್ ತಳಿಯ ಚರ್ಮದಲ್ಲಿ ಗಡ್ಡೆಗಳು ಏಳುತ್ತವೆ. ಎರಡೂ ಹುಟ್ಟಿನಿಂದಲೇ ಬರುವ ದೋಷ. ಇಂಥವನ್ನು ಮಾರುವವರನ್ನು ನಂಬದಿರುವುದೇ ಲೇಸು.

ಒಂದು ಪೆಟ್ಟಿಗೆಗೆ ಒಂದೇ ಗೆಕ್ಕೊ. 90 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ಗಾಜಿನ ಪೆಟ್ಟಿಗೆಯಾದರೆ ಜೀವನಪರ್ಯಂತ ಸಾಕು. ಮುಚ್ಚಳ ತಂತಿಬಲೆಯದೇ ಆಗಬೇಕು. ನೆಲಕ್ಕೆ ಒರಟು ಟೈಲ್ಸ್ ಅಥವಾ ಅಡುಗೆಮನೆಯ ಟಿಶ್ಯೂ ಹಾಸಿ. ಮರಳು ಬೇಡ, ಹುಳದ ಜೊತೆ ಮರಳು ನುಂಗಿ ಕರುಳು ಕಟ್ಟಬಹುದು. ತೆಂಗಿನ ನಾರಿನ ಪುಡಿಯನ್ನು ಎಲ್ಲರೂ ಹೊಗಳುತ್ತಾರೆ, ಆಟಿ ತಿಂಗಳಲ್ಲಿ ಅದು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿರುತ್ತದೆ. ಅಡಗಿಕೊಳ್ಳಲು ಮೂರು ಗೂಡು ಬೇಕು: ಬಿಸಿ ಬದಿಗೊಂದು, ತಂಪು ಬದಿಗೊಂದು, ನಡುವೆ ಒದ್ದೆ ಟಿಶ್ಯೂ ಹಾಕಿದ ಮುಚ್ಚಿದ ಡಬ್ಬ. ಮಾಡಿನ ನೆತ್ತಿಗೆ ಹಾಕುವ ಬಾಗಿದ ಹಂಚಿನ ತುಂಡು ಬಿಸಿ ಬದಿಗೆ ಹೇಳಿಮಾಡಿಸಿದಂತಿದೆ. ಒದ್ದೆ ಡಬ್ಬ ಪೊರೆ ಬಿಡುವುದಕ್ಕಾಗಿ. ಪೊರೆ ಬೆರಳಿನ ತುದಿಯಲ್ಲಿ ಉಳಿದರೆ ದಾರ ಕಟ್ಟಿದ ಹಾಗೆ ಬಿಗಿದು ಬೆರಳೇ ಉದುರುತ್ತದೆ. ಹಾಗಾದರೆ ಉಗುರುಬೆಚ್ಚಗಿನ ನೀರಿನಲ್ಲಿ, ಪಾದ ಮುಳುಗುವಷ್ಟು ಮಾತ್ರ, 15 ನಿಮಿಷ ನಿಲ್ಲಿಸಿ ಹತ್ತಿಕಡ್ಡಿಯಿಂದ ಮೆಲ್ಲಗೆ ಉಜ್ಜಿ.

ಬಿಸಿ ಬದಿಯ ನೆಲ 31ರಿಂದ 33 ಡಿಗ್ರಿ, ತಂಪು ಬದಿ 24ರಿಂದ 26. ಸಾಕಷ್ಟು ಶಾಖವಿಲ್ಲದೆ ತಿಂದದ್ದು ಸರಿಯಾಗಿ ಜೀರ್ಣವಾಗುವುದಿಲ್ಲ. ಹೀಟ್ ಮ್ಯಾಟನ್ನು, ಅಂದರೆ ಕರೆಂಟಿನಿಂದ ಬಿಸಿಯಾಗುವ ಹಾಸನ್ನು, ಪೆಟ್ಟಿಗೆಯ ಮೂರರಲ್ಲೊಂದು ಭಾಗದ ಅಡಿಗೆ ಇಟ್ಟು, ಬಿಸಿ ಮಿತಿ ಮುಟ್ಟಿದಾಗ ಕರೆಂಟು ನಿಲ್ಲಿಸುವ ಥರ್ಮೋಸ್ಟ್ಯಾಟ್‌ಗೆ ಜೋಡಿಸಿ. ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ ಹೊಟ್ಟೆಯ ಚರ್ಮ ಸುಡುತ್ತದೆ. ಬೇಸಿಗೆಯಲ್ಲಿ ಕೋಣೆಯೇ 33 ಡಿಗ್ರಿ ಇರುವಾಗ ಮ್ಯಾಟ್ ತಾನಾಗಿ ಆಫ್ ಆಗುತ್ತದೆ. ಆಗ ತಂಪು ಬದಿ ಉಳಿಸಿಕೊಳ್ಳುವುದೇ ಕೆಲಸ. ಪೆಟ್ಟಿಗೆಯನ್ನು ಬಡಗು ಕೋಣೆಯ ನೆಲಕ್ಕೆ ಇಳಿಸಿ.

ಮಳೆಗಾಲಕ್ಕೆ ಮ್ಯಾಟ್ ಒಂದೇ ಸಾಲದು. ಅದು ನೆಲವನ್ನು ಕಾಯಿಸುತ್ತದೆ, ಗಾಳಿಯನ್ನಲ್ಲ. ಹೊರಗೆ 26 ಡಿಗ್ರಿ, ಶೇಕಡಾ 85 ತೇವ ಎಂದಿಟ್ಟುಕೊಳ್ಳಿ. ಅದೇ ಗಾಳಿ 32 ಡಿಗ್ರಿಗೆ ಕಾದರೆ ಅದರ ತೇವ ಸುಮಾರು ಶೇಕಡಾ 60ಕ್ಕೆ ಇಳಿಯುತ್ತದೆ. ಗೆಕ್ಕೊಗೆ 30ರಿಂದ 40 ಒಳ್ಳೆಯದು. 60ರ ಮೇಲೆ ವಾರಗಟ್ಟಲೆ ನಿಂತರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು, ಇವು ಲಕ್ಷಣ. ಆದ್ದರಿಂದ ಜೂನಿನಿಂದ ಸೆಪ್ಟೆಂಬರ್ ತನಕ ತಂತಿಬಲೆಯ ಮೇಲೆ ಬೆಳಕಿಲ್ಲದೆ ಶಾಖ ಮಾತ್ರ ಕೊಡುವ 50 ವ್ಯಾಟಿನ ಸೆರಾಮಿಕ್ ಹೀಟರ್ ಇಡಿ, ಇದಕ್ಕೂ ಥರ್ಮೋಸ್ಟ್ಯಾಟ್ ಬೇಕು. ಹೋಲ್ಡರ್ ಪಿಂಗಾಣಿಯದೇ ಇರಲಿ, ಪ್ಲಾಸ್ಟಿಕ್ ಕರಗುತ್ತದೆ. ನೀರಿನ ಬಟ್ಟಲು ಚಿಕ್ಕದು, ಅದೂ ತಂಪು ಬದಿಗೆ. ಟಿಶ್ಯೂ ದಿನ ಬಿಟ್ಟು ದಿನ ಬದಲಿಸಿ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಕರೆಂಟು ಹೋದರೆ ಗಾಬರಿ ಬೇಡ. 25 ಡಿಗ್ರಿಯಲ್ಲಿ ಎರಡು ಮೂರು ದಿನ ಅದಕ್ಕೇನೂ ಆಗದು. ಕರೆಂಟು ಬರುವ ತನಕ ಹುಳ ಮಾತ್ರ ಹಾಕಬೇಡಿ.

ಆಹಾರ ಜೀವಂತ ಹುಳವೇ: ಚಿಮ್ಮಂಡೆ, ಮೀಲ್‌ವರ್ಮ್, ಡುಬಿಯಾ ಜಿರಳೆ. ಹುಳದ ಅಗಲ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ಹೆಚ್ಚಿರಬಾರದು. ಮರಿಗೆ ದಿನಾ, ಬೆಳೆದದ್ದಕ್ಕೆ ವಾರಕ್ಕೆ ಎರಡು ಮೂರು ಸಲ, ಸಂಜೆ. ಉಳಿದ ಚಿಮ್ಮಂಡೆ ತೆಗೆಯಿರಿ, ರಾತ್ರಿ ಅದೇ ಗೆಕ್ಕೊದ ಬೆರಳು ಕಡಿಯುತ್ತದೆ. ತೋಟದ ಹುಳ ಬೇಡ: ಕೊಳೆರೋಗಕ್ಕೆ ಮೈಲುತುತ್ತು ಹೊಡೆದ ಅಡಿಕೆ ತೋಟದ ಹುಳದಲ್ಲಿ ಏನಿದೆಯೋ ಯಾರಿಗೆ ಗೊತ್ತು. ಮಿಂಚುಹುಳವಂತೂ ಖಂಡಿತ ಬೇಡ. ಕೆಲವು ಜಾತಿಯ ಒಂದೇ ಮಿಂಚುಹುಳ ಹಲ್ಲಿಯನ್ನು ಕೊಲ್ಲಬಲ್ಲದು.

ಮೀಲ್‌ವರ್ಮನ್ನು ಮನೆಯಲ್ಲೇ ಬೆಳೆಸುವವರು ಗೋಧಿ ತೌಡನ್ನು ಬಾಣಲೆಯಲ್ಲಿ ಬಿಸಿ ಮಾಡಿ, ತಣಿಸಿ ಹಾಕಿ. ಇಲ್ಲವಾದರೆ ಜುಲೈಯಲ್ಲಿ ಡಬ್ಬದ ತುಂಬ ನುಸಿ. ನೀರಿನ ಬದಲು ಕ್ಯಾರೆಟ್ ತುಂಡು ಇಟ್ಟು ಮರುದಿನವೇ ತೆಗೆಯಿರಿ. ಗೆಕ್ಕೊಗೆ ಕೊಡುವ ಹಿಂದಿನ ದಿನ ಹುಳಕ್ಕೆ ನುಗ್ಗೆಸೊಪ್ಪು ತಿನ್ನಿಸಿ. ಬಳಿಕ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡಿ. ಡಿ3 ಇಲ್ಲದ ಬರೇ ಕ್ಯಾಲ್ಸಿಯಂ ಒಂದು ಬಾಟಲಿ ಮುಚ್ಚಳದಲ್ಲಿ ಸದಾ ಇರಲಿ. ಮಳೆಗಾಲದಲ್ಲಿ ಗಟ್ಟಿಯಾಗುತ್ತದೆ, ವಾರಕ್ಕೊಮ್ಮೆ ಬದಲಿಸಿ. ಕ್ಯಾಲ್ಸಿಯಂ ತಪ್ಪಿದರೆ ದವಡೆ ಮೆತ್ತಗಾಗಿ, ಕಾಲು ಬಾಗಿ, ಮೈ ನಡುಗಲು ತೊಡಗುತ್ತದೆ. ಬಾಗಿದ ಎಲುಬು ಮತ್ತೆ ನೇರವಾಗದು.

ಇರುವೆಗೆ ನಮ್ಮ ಹಳೆಯ ಉಪಾಯವೇ ಸಾಕು, ಮೇಜಿನ ನಾಲ್ಕು ಕಾಲಿನಡಿ ನೀರಿನ ಬಟ್ಟಲು. ಸೊಳ್ಳೆ ಕಾಯಿಲ್ ಆ ಕೋಣೆಯಲ್ಲಿ ಹಚ್ಚಬೇಡಿ. ತಂದ ಮೊದಲ ಎರಡು ವಾರ ಮುಟ್ಟಬೇಡಿ. ಬಾಲ ಹಿಡಿದು ಎತ್ತಿದರೆ ಬಾಲ ಕೈಯಲ್ಲಿ ಉಳಿಯುತ್ತದೆ. ಮತ್ತೆ ಬೆಳೆಯುತ್ತದೆ, ಆದರೆ ಹಿಂದಿನ ರೂಪ ಬರುವುದಿಲ್ಲ. ಮುಟ್ಟಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು; ಬಟ್ಟಲುಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ.

ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತಿನ್ನುತ್ತಿದ್ದರೂ ತೂಕ ಇಳಿದು ಬಾಲ ಕಡ್ಡಿಯಾದರೆ ಕರುಳಿನ ಪರೋಪಜೀವಿಯ ಅನುಮಾನ. ಎಲ್ಲ ಪಶುವೈದ್ಯರೂ ಹಲ್ಲಿ ನೋಡುವುದಿಲ್ಲ. ಮಂಗಳೂರಿಗೋ ಕಣ್ಣೂರಿಗೋ ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಹೋಗುವಾಗ ಅಂದಿನ ಹಿಕ್ಕೆಯನ್ನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಸಣ್ಣ ಡಬ್ಬದಲ್ಲಿ ಒಯ್ಯಿರಿ. ಒಣಗಿದರೆ ಪರೀಕ್ಷೆಗೆ ಬರುವುದಿಲ್ಲ.

ನಮಸ್ಕಾರ.