ಖರ್ಚಾದ ಹಣ, ಮುಗಿದ ಕೆಲಸ

ಆತ್ಮೀಯ ಕೇಳುಗರಿಗೆ ನಮಸ್ಕಾರ.

ತಾಲ್ಲೂಕಿನ ಕೆಡಿಪಿ ಸಭೆಯಲ್ಲಿ, ಅಂದರೆ ಸರ್ಕಾರಿ ಕಾಮಗಾರಿಗಳ ಪ್ರಗತಿ ಪರಿಶೀಲಿಸುವ ಸಭೆಯಲ್ಲಿ, ಒಮ್ಮೆಯಾದರೂ ಕೂತವರಿಗೆ ಎರಡು ಮಾತು ಚೆನ್ನಾಗಿ ಗೊತ್ತಿರುತ್ತವೆ: ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ. ಕೆಲಸ ಎಷ್ಟಾಯಿತು ಎಂಬುದು ಮೊದಲನೆಯದು, ದುಡ್ಡು ಎಷ್ಟು ಖರ್ಚಾಯಿತು ಎಂಬುದು ಎರಡನೆಯದು. ಮಾರ್ಚ್ ಹತ್ತಿರವಾದಂತೆ ಚರ್ಚೆಯೆಲ್ಲ ಎರಡನೆಯದರ ಸುತ್ತಲೇ ತಿರುಗುತ್ತದೆ. ಅನುದಾನ ಖರ್ಚಾಗಿದ್ದರೆ ಸಾಧನೆ ಆಯಿತು ಎಂದೇ ಲೆಕ್ಕ. ಇದು ನಮಗೆ ತುಂಬ ದುಬಾರಿಯಾಗುವ ತಪ್ಪು ಎಂದು ನಾನು ನಂಬಿದ್ದೇನೆ.

ಒಂದು ಲೆಕ್ಕ ಹಾಕಿ ನೋಡೋಣ. ಊರಿನ ಪ್ರೌಢಶಾಲೆಗೆ 10 ಕೊಠಡಿ ಕಟ್ಟಬೇಕು. ಅಂದಾಜು ವೆಚ್ಚ 1 ಕೋಟಿ ರೂಪಾಯಿ, ಅವಧಿ 10 ತಿಂಗಳು. ತಿಂಗಳಿಗೊಂದು ಕೊಠಡಿ, ಕೊಠಡಿಗೆ 10 ಲಕ್ಷ ಎಂದಿಟ್ಟುಕೊಳ್ಳಿ. ಐದು ತಿಂಗಳಾದವು, 50 ಲಕ್ಷ ಖರ್ಚಾಯಿತು. ಅರ್ಧ ಅವಧಿ, ಅರ್ಧ ಹಣ. ಕಾಗದದ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಆದರೆ ಸ್ಥಳಕ್ಕೆ ಹೋದರೆ ಮುಗಿದಿರುವುದು ನಾಲ್ಕೇ ಕೊಠಡಿ.

ಅಂದರೆ ಆಗಬೇಕಿದ್ದ ಕೆಲಸದ ಬೆಲೆ 50 ಲಕ್ಷ, ಆಗಿರುವ ಕೆಲಸದ ಬೆಲೆ 40 ಲಕ್ಷ, ಖರ್ಚಾದ ಹಣ 50 ಲಕ್ಷ. ಆದ ಕೆಲಸದ ಬೆಲೆಯನ್ನು ಆಗಬೇಕಿದ್ದುದರಿಂದ ಭಾಗಿಸಿದರೆ 0.8. ಖರ್ಚಿನಿಂದ ಭಾಗಿಸಿದರೂ 0.8. ಒಂದಕ್ಕಿಂತ ಕಡಿಮೆ ಬಂದರೆ ಮೊದಲನೆಯದು ವಿಳಂಬ, ಎರಡನೆಯದು ವೆಚ್ಚ ಹೆಚ್ಚಳ. ಇದೇ ಗತಿಯಲ್ಲಿ ನಡೆದರೆ 1 ಕೋಟಿಯ ಕಟ್ಟಡ 1 ಕೋಟಿ 25 ಲಕ್ಷಕ್ಕೆ ಮುಟ್ಟುತ್ತದೆ, ಹತ್ತು ತಿಂಗಳ ಕೆಲಸ ಹನ್ನೆರಡೂವರೆ ತಿಂಗಳು ಹಿಡಿಯುತ್ತದೆ. ಇದು ಐದನೇ ತಿಂಗಳಲ್ಲೇ ಗೊತ್ತಾಯಿತು ನೋಡಿ! ಇನ್ನೂ ಆರು ಕೊಠಡಿ ಬಾಕಿ ಇರುವಾಗ ಸರಿಪಡಿಸಲು ದಾರಿಯಿದೆ. ಒಂಬತ್ತನೇ ತಿಂಗಳಲ್ಲಿ ಗೊತ್ತಾದರೆ ಪರಿಷ್ಕೃತ ಅಂದಾಜುಪಟ್ಟಿ ಬರೆಯುವುದೊಂದೇ ಉಳಿಯುವುದು. ಗಳಿಸಿದ ಮೌಲ್ಯ ಎಂಬ ಈ ವಿಧಾನವನ್ನು ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲೇ ತನ್ನ ದೊಡ್ಡ ಗುತ್ತಿಗೆಗಳಿಗೆ ಕಡ್ಡಾಯ ಮಾಡಿತು. ಇದಕ್ಕೆ ಕಂಪ್ಯೂಟರೂ ಬೇಕಿಲ್ಲ, ಭಾಗಾಕಾರ ಬಂದರೆ ಸಾಕು.

ಆದರೆ ಒಟ್ಟು ಲೆಕ್ಕ ಸರಿಯಿದ್ದೂ ಯೋಜನೆ ನಿಲ್ಲಬಹುದು. ಕೊಂಕಣ ರೈಲ್ವೆಯನ್ನೇ ನೋಡಿ. ಮಹಾರಾಷ್ಟ್ರದ ರೋಹಾದಿಂದ ನಮ್ಮ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್. ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಇಡೀ ಮಾರ್ಗದಲ್ಲಿ ರೈಲು ಓಡಿದ್ದು ಮಾತ್ರ 1998ರ ಜನವರಿ 26ರಂದು. ಗೋವಾದ ಪೆರ್ನೆಂ ಸುರಂಗದಲ್ಲಿ ನೀರು ತುಂಬಿದ ಮೆತ್ತನೆ ಮಣ್ಣು ಮತ್ತೆ ಮತ್ತೆ ಕುಸಿಯುತ್ತಿತ್ತು, ಜೀವಗಳೂ ಹೋದವು. ಅಂಥ ಕಡೆ ನೂರಾರು ಕಿಲೋಮೀಟರಿನ ಸರಾಸರಿ ಏನನ್ನೂ ಹೇಳುವುದಿಲ್ಲ. ಈ ವಾರ ಆ ಸುರಂಗ ಎಷ್ಟು ಮೀಟರ್ ಮುಂದೆ ಹೋಯಿತು ಎಂಬುದೇ ಯೋಜನೆಯ ನಿಜವಾದ ಸಂಖ್ಯೆ. ಈ ಮಾರ್ಗದ ರೂವಾರಿ ಇ. ಶ್ರೀಧರನ್ ಮುಂದೆ ದೆಹಲಿ ಮೆಟ್ರೊದಲ್ಲಿ, ಗಡುವಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ತೋರಿಸುವ ಹಿಮ್ಮುಖ ಗಡಿಯಾರಗಳನ್ನು ಹಾಕಿಸಿದರು. ಕಳೆದದ್ದಕ್ಕಿಂತ ಉಳಿದದ್ದನ್ನು ಎಣಿಸುವ ಅಭ್ಯಾಸ ಅದು.

ಏನನ್ನು ಎಣಿಸುತ್ತೇವೆ ಎಂಬುದೂ ಮುಖ್ಯ. ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ನಿನಲ್ಲಿ ಗುರಿ ಬರೀ ಕೊಳವೆಯಲ್ಲ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಹಾಗಾಗಿ ನಲ್ಲಿ ಎಷ್ಟಾದವು ಎಂದು ಕೇಳಿದ ಮೇಲೆ, ನಿನ್ನೆ ಕೊನೆಯ ಬೀದಿಯ ಕೊನೆಯ ಮನೆಗೆ ಎಷ್ಟು ಬಿಂದಿಗೆ ನೀರು ಬಂತು ಎಂದೂ ಕೇಳಬೇಕು.

ಇನ್ನೊಂದು ಮಾತು ಮೇಲಿನ ಕುರ್ಚಿಯಲ್ಲಿ ಕೂತವರಿಗೆ. 0.8 ಎಂದು ನಿಜ ಹೇಳಿದ ಕಿರಿಯ ಎಂಜಿನಿಯರನ್ನು ತುಂಬಿದ ಸಭೆಯಲ್ಲಿ ಗದರಿದರೆ, ಮುಂದಿನ ತಿಂಗಳ ವರದಿಯಲ್ಲಿ ಅದು ತಾನಾಗಿ 1 ಆಗಿರುತ್ತದೆ, ಕೊಠಡಿ ಮಾತ್ರ ನಾಲ್ಕೇ ಇರುತ್ತದೆ. ಗದರುವ ಬದಲು ಯಾವುದು ಅಡ್ಡಿಯಾಗಿದೆ ಎಂದು ಕೇಳಿ. ಮರಳು ಬರುತ್ತಿಲ್ಲವೇ, ಬಿಲ್ಲು ಪಾಸಾಗಿಲ್ಲವೇ, ಗಾರೆಯವರು ಹಬ್ಬಕ್ಕೆ ಊರಿಗೆ ಹೋದವರು ಬಂದಿಲ್ಲವೇ? ಅದನ್ನು ಬಿಡಿಸುವುದು ಯಾರ ಕೆಲಸ, ಯಾವ ದಿನದೊಳಗೆ ಎಂದು ಆ ಸಭೆಯಲ್ಲೇ ಬರೆಸಿ.

ನಮಸ್ಕಾರ.