ಊರ ಹೊರಗೆ ಉಳಿದ ಊರು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ, ಸಫೋಕ್ ಪ್ರಾಂತ್ಯದ ಕಡಲಂಚಿನಲ್ಲಿ, ಇನ್ನೂರು ಜನರೂ ಇಲ್ಲದ ಒಂದು ಹಳ್ಳಿಯಿದೆ. ನಕ್ಷೆಯಲ್ಲಿ ಅದರ ಹೆಸರನ್ನು ಅಕ್ಷರ ಬಿಡದೆ ಓದುವವರು ಡನ್‌ವಿಚ್ ಎನ್ನುತ್ತಾರೆ. ಅಲ್ಲಿಯವರ ಬಾಯಲ್ಲಿ ಅದು ಡನಿಚ್. ಒಂದು ಬೀದಿ, ಅದರ ಬದಿಗೆ ಇಟ್ಟಿಗೆಯ ಕೆಲವು ಮನೆಗಳು, ಒಂದು ಹಳೆಯ ಪಾನಗೃಹ, ಒಂದು ಪುಟ್ಟ ವಸ್ತುಸಂಗ್ರಹಾಲಯ, ಒಂದು ಚರ್ಚು, ಆಮೇಲೆ ಸಮುದ್ರ. ಎಂಟು ನೂರು ವರ್ಷಗಳ ಹಿಂದೆ ಇದೇ ಹೆಸರಿನ ಊರು ಇಂಗ್ಲೆಂಡಿನ ದೊಡ್ಡ ಬಂದರುಗಳಲ್ಲಿ ಒಂದಾಗಿತ್ತು. ಆ ಪೇಟೆಯ ಬಹುಭಾಗ ಈಗ ನೀರಿನ ತಳದಲ್ಲಿದೆ. ಇಂದು ದಡದ ಮೇಲೆ ಡನಿಚ್ ಎಂದು ಕರೆಸಿಕೊಳ್ಳುತ್ತಿರುವುದು, ಹಿಂದೊಮ್ಮೆ ಆ ಪೇಟೆಯವರು ಊರ ಹೊರಗೆಂದು ಬಿಟ್ಟಿದ್ದ ಜಾಗ.

ಮೊದಲು ನೆಲದ ಮಾತು. ವೆಸ್ಟಲ್‌ಟನ್ ಎಂಬ ಹಳ್ಳಿಯ ಕಡೆಯಿಂದ ಬರುವ ಕಿರಿದಾದ ರಸ್ತೆ ಮರಗಳ ನಡುವೆ ಸುತ್ತಿ ಬಂದು ಕಡಲದಂಡೆಯಲ್ಲಿ ಕೊನೆಗೊಳ್ಳುತ್ತದೆ. ದಂಡೆಯ ತುಂಬ ಮರಳಿಗಿಂತ ಹೆಚ್ಚಾಗಿ ಅಲೆಗಳು ಉರುಳಿಸಿ ನುಣುಪು ಮಾಡಿದ ಉರುಟುಗಲ್ಲುಗಳು. ಅಲ್ಲಿಯ ಕಡಲು ನೀಲಿಯಲ್ಲ. ತಾನು ಕೊರೆದ ಮಣ್ಣನ್ನೇ ಕಲಸಿಕೊಂಡು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಉತ್ತರಕ್ಕೆ ನೋಡಿದರೆ ಸೌತ್‌ವೋಲ್ಡ್ ಪಟ್ಟಣದ ಬಿಳಿಯ ದೀಪಸ್ತಂಭ, ದಕ್ಷಿಣಕ್ಕೆ ನೋಡಿದರೆ ಸೈಜ್‌ವೆಲ್ ಅಣು ವಿದ್ಯುತ್ ಸ್ಥಾವರದ ಬಿಳಿಯ ಗುಮ್ಮಟ ಕಾಣುತ್ತದೆ. ಹಳ್ಳಿಯ ದಕ್ಷಿಣಕ್ಕೆ ಹಬ್ಬಿರುವ ಕುರುಚಲು ಬಯಲು ಆಗಸ್ಟ್ ತಿಂಗಳಲ್ಲಿ ಹೆದರ್ ಹೂಗಳಿಂದ ನೇರಳೆಯಾಗುತ್ತದೆ. ಅದರಾಚೆ ಮಿನ್ಸ್‌ಮೀರ್ ಎಂಬ ಜೌಗುನೆಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನ್ ಸೈನ್ಯ ಈ ದಂಡೆಯಲ್ಲಿ ಇಳಿದೀತೆಂಬ ಭಯದಿಂದ ಇಲ್ಲಿನ ಹುಲ್ಲುಗಾವಲಿಗೆ ಬೇಕೆಂದೇ ನೀರು ನುಗ್ಗಿಸಿದರು. ಜರ್ಮನರು ಬರಲಿಲ್ಲ, ಹಕ್ಕಿಗಳು ಬಂದವು. ಕೊಕ್ಕು ಮೇಲಕ್ಕೆ ಬಾಗಿರುವ, ಕಪ್ಪು ಬಿಳುಪು ಮೈಯ ಅವೊಸೆಟ್ ಹಕ್ಕಿ ಸುಮಾರು ಒಂದು ಶತಮಾನ ಇಂಗ್ಲೆಂಡಿನಲ್ಲಿ ಗೂಡು ಕಟ್ಟುವುದನ್ನೇ ಬಿಟ್ಟಿತ್ತು. 1947ರಲ್ಲಿ ಈ ನೀರಿನಲ್ಲಿ ಮತ್ತೆ ಮರಿ ಮಾಡಿತು.

ಕಡಲಿಗೆ ಮುಖ ಮಾಡಿ ನಿಂತಿರುವ ಧರೆಯನ್ನು ಹತ್ತಿರದಿಂದ ನೋಡಿದವರಿಗೆ ಈ ಊರಿನ ಚರಿತ್ರೆಯ ಅರ್ಧ ಭಾಗ ಅಲ್ಲಿಯೇ ತಿಳಿಯುತ್ತದೆ. ಅದು ಬಂಡೆಯಲ್ಲ, ಸಡಿಲವಾದ ಮರಳು ಮತ್ತು ಜಲ್ಲಿಯ ಪದರಗಳು. ಬೆರಳಿನಿಂದ ಕೆರೆದರೆ ಉದುರುವಷ್ಟು ಮೆತ್ತಗೆ ಇರುವುದರಿಂದಲೇ ಸ್ಯಾಂಡ್ ಮಾರ್ಟಿನ್ ಎಂಬ ಪುಟ್ಟ ಕವಲುತೋಕೆಗಳು ಅದರಲ್ಲಿ ಬಿಲ ತೋಡಿ ಸಂಸಾರ ಹೂಡುತ್ತವೆ. ಚಳಿಗಾಲದ ಬಿರುಗಾಳಿಯಲ್ಲಿ ಅಲೆಗಳು ಧರೆಯ ಬುಡವನ್ನು ಬಗೆಯುತ್ತವೆ, ಮೇಲಿನ ಮಣ್ಣು ಆಧಾರ ತಪ್ಪಿ ಜಾರುತ್ತದೆ, ಬಿದ್ದದ್ದನ್ನು ನೀರು ದಡದುದ್ದಕ್ಕೂ ದಕ್ಷಿಣಕ್ಕೆ ಸಾಗಿಸುತ್ತದೆ. ಕಡಲ್ಕೊರೆತ ಎಂಬ ಮಾತನ್ನು ಪ್ರತಿ ಮಳೆಗಾಲದಲ್ಲಿಯೂ ಕೇಳುವ ನಮ್ಮ ಕರಾವಳಿಯ ಶ್ರೋತೃಗಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಊರು ಬೆಳೆದ ಬಗೆ. ಏಳನೆಯ ಶತಮಾನದಲ್ಲಿ ಬರ್ಗಂಡಿಯಿಂದ ಬಂದ ಫೆಲಿಕ್ಸ್ ಎಂಬ ಬಿಷಪ್ ಪೂರ್ವ ಆಂಗ್ಲಿಯಾದ ತನ್ನ ಪೀಠವನ್ನು ಸ್ಥಾಪಿಸಿದ್ದು ಇಲ್ಲಿಯೇ ಎಂಬ ಪ್ರತೀತಿಯಿದೆ. ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ, ಆದ್ದರಿಂದ ಅದನ್ನು ಅಲ್ಲಿಗೇ ಬಿಡೋಣ. ಗಟ್ಟಿಯಾದ ದಾಖಲೆ ಸಿಗುವುದು 1086ರ ಡೂಮ್ಸ್‌ಡೇ ಎಂಬ ರಾಜ್ಯದ ಲೆಕ್ಕಪುಸ್ತಕದಲ್ಲಿ. ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ವಿಲಿಯಮ್, ಯಾವ ಊರಿನಿಂದ ಎಷ್ಟು ಹುಟ್ಟುವಳಿ ಎಂದು ಬರೆಸಿದ ಆ ಪುಸ್ತಕದಲ್ಲಿ ಡನಿಚ್‌ನಲ್ಲಿ 236 ಮಂದಿ ಪುರವಾಸಿಗಳು, 178 ಮಂದಿ ಬಡವರು ಮತ್ತು ಮೂರು ಚರ್ಚುಗಳು ಇದ್ದವೆಂದೂ ಊರು ಸಲ್ಲಿಸುವ ಕಾಣಿಕೆ 50 ಪೌಂಡ್ ಹಣ ಮತ್ತು 68,000 ಹೆರಿಂಗ್ ಮೀನುಗಳೆಂದೂ ನಮೂದಾಗಿದೆ. ಹೆರಿಂಗ್ ಎಂದರೆ ನಮ್ಮ ಬೂತಾಯಿಯ ದೂರದ ಸಂಬಂಧಿ. ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿಟ್ಟರೆ ಬಹುಕಾಲ ಕೆಡದ ಮೀನು. ಮಾಂಸ ವರ್ಜ್ಯವಾಗಿದ್ದ ಉಪವಾಸದ ದಿನಗಳು ವರ್ಷದಲ್ಲಿ ಅಷ್ಟೊಂದಿದ್ದ ಮಧ್ಯಯುಗದ ಕ್ರೈಸ್ತ ಸಮಾಜದಲ್ಲಿ ಅದು ಹೊನ್ನಿಗೆ ಸಮಾನವಾಗಿತ್ತು. ಅದೇ ಪುಸ್ತಕದಲ್ಲಿ ಇನ್ನೊಂದು ಸಾಲೂ ಇದೆ: ಮೊದಲು ಇಲ್ಲಿ ಎರಡು ನೇಗಿಲಿನ ಉಳುಮೆಗಾಗುವಷ್ಟು ನೆಲವಿತ್ತು, ಈಗ ಒಂದು ಮಾತ್ರ ಇದೆ, ಇನ್ನೊಂದನ್ನು ಸಮುದ್ರ ಒಯ್ದಿತು. ಊರು ಏಳುತ್ತಿದ್ದ ಕಾಲದಲ್ಲಿಯೇ ಗುಮಾಸ್ತನೊಬ್ಬ ಭಾವನೆಯ ಲೇಪವಿಲ್ಲದೆ ಬರೆದಿಟ್ಟ ಈ ಸಾಲನ್ನು ಮುಂದಿನ ಇನ್ನೂರು ವರ್ಷ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ.

ಹಚ್ಚಿಕೊಳ್ಳದಿರುವುದಕ್ಕೆ ಕಾರಣವಿತ್ತು. ಡನಿಚ್ ಮತ್ತು ಬ್ಲೈದ್ ಎಂಬ ನದಿಗಳು ಕೂಡಿ ಕಡಲು ಸೇರುವ ಅಳಿವೆ ಊರಿನ ಮಗ್ಗುಲಲ್ಲೇ ಇತ್ತು. ಉತ್ತರದಿಂದ ಚಾಚಿಕೊಂಡಿದ್ದ ಉರುಟುಗಲ್ಲಿನ ನೀಳ ದಿಬ್ಬ ಅದಕ್ಕೆ ತೋಳಿನಂತೆ ಅಡ್ಡವಿದ್ದುದರಿಂದ ಒಳಗೆ ಹಡಗುಗಳಿಗೆ ನಿಶ್ಚಿಂತೆ. ಉಣ್ಣೆ ಮತ್ತು ಧಾನ್ಯ ಹೊರಗೆ ಹೋಗುತ್ತಿತ್ತು, ಫ್ರಾನ್ಸಿನ ದ್ರಾಕ್ಷಾಮದ್ಯ ಒಳಗೆ ಬರುತ್ತಿತ್ತು. 1199ರಲ್ಲಿ ಜಾನ್ ದೊರೆ ಊರಿಗೆ ಸನದು ಕೊಟ್ಟ. ಚರ್ಚುಗಳ ಸಂಖ್ಯೆ ಬೆಳೆಯಿತು. ಎರಡು ಸಂನ್ಯಾಸಿ ಸಂಘಗಳು ಮಠ ಕಟ್ಟಿದವು. ಊರಿನ ಪಶ್ಚಿಮಕ್ಕೆ ಕಂದಕ ತೋಡಿ ಒಡ್ಡು ಕಟ್ಟಿದರು. ಆ ಒಡ್ಡಿನಾಚೆ, ಬೀಸುವ ಗಾಳಿಯೂ ತಾಗಬಾರದೆಂಬಂತೆ, ಸಂತ ಜೇಮ್ಸನ ಹೆಸರಿನಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯ ಮತ್ತು ಪ್ರಾರ್ಥನಾಮಂದಿರ ಎದ್ದಿತು. ಈ ಕಟ್ಟಡವನ್ನು ನೆನಪಿನಲ್ಲಿಡಿ.

1286 ಮತ್ತು 1287ರ ಬಿರುಗಾಳಿಗಳು ಪೂರ್ವ ಕರಾವಳಿಯನ್ನೆಲ್ಲ ಬಡಿದವು; ಡನಿಚ್‌ನ ಕೆಳಬೀದಿಗಳು ಹೋದವು. ಬೂದು ನಿಲುವಂಗಿಯ ಫ್ರಾನ್ಸಿಸ್ಕನ್ ಸಂನ್ಯಾಸಿಗಳು 1290ರಲ್ಲಿ ತಮ್ಮ ಮಠವನ್ನೇ ಕಡಲಿನಿಂದ ದೂರಕ್ಕೆ, ಊರಿನ ಪಶ್ಚಿಮದ ಅಂಚಿಗೆ ಸಾಗಿಸಿದರು. 1328ರ ಬಿರುಗಾಳಿಯ ಪೆಟ್ಟು ಬೇರೆ ಬಗೆಯದು. ಡನಿಚ್‌ನ ಕತೆ ಹೇಳುವವರೆಲ್ಲ ಕುಸಿದ ಚರ್ಚುಗಳ ಮೇಲೆಯೇ ಕಣ್ಣಿಡುತ್ತಾರೆ. ನನ್ನ ಮಟ್ಟಿಗೆ ಊರು ಸತ್ತದ್ದು ಈ ವರ್ಷ. ಅಲೆಗಳು ತಳ್ಳಿ ತಂದ ಉರುಟುಗಲ್ಲು ಬಂದರಿನ ಬಾಯಿಯನ್ನು ಮುಚ್ಚಿತು. ನೂರಾರು ವರ್ಷ ಕಾವಲಿದ್ದ ದಿಬ್ಬವೇ ಕದವಾಯಿತು. ಹೊರಹೋಗಲು ದಾರಿ ಕಾಣದ ಬ್ಲೈದ್ ನದಿ ಉತ್ತರಕ್ಕೆ ಹಲವು ಕಿಲೊಮೀಟರ್ ದೂರದಲ್ಲಿ, ವಾಲ್ಬರ್ಸ್‌ವಿಕ್ ಹಳ್ಳಿಯ ಕಡೆಗೆ, ಹೊಸ ಅಳಿವೆ ಒಡೆದುಕೊಂಡಿತು. ಹಡಗುಗಳು ನದಿಯ ಜೊತೆಗೆ ಹೋದವು. ಡನಿಚ್‌ನವರು, ಸುಂಕದ ಹಕ್ಕು ಸನದಿನ ಪ್ರಕಾರ ನಮ್ಮದೇ ಎಂದು ಹಟ ಹಿಡಿದರು. ನೀರಿದ್ದ ಹಳ್ಳಿಗಳವರು ಕೊಡೆವೆಂದರು. ತಲೆಮಾರುಗಳ ಕಾಲ ಹೊಡೆದಾಟ, ವ್ಯಾಜ್ಯಗಳು ನಡೆದು, 1489ರಲ್ಲಿ ಏಳನೆಯ ಹೆನ್ರಿ ಸೌತ್‌ವೋಲ್ಡ್‌ಗೆ ಅದರದೇ ಸನದು ಕೊಟ್ಟು ಈ ಹಿಡಿತವನ್ನು ಸಡಿಲಿಸಿದ. ಆದಾಯ ಬತ್ತಿದ ಊರಿಗೆ ದಂಡೆ ಕಟ್ಟಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? 1347ರಲ್ಲಿ ಸುಮಾರು 400 ಮನೆಗಳು ಹೋದವೆಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. 1362ರ ಜನವರಿಯಲ್ಲಿ ಉತ್ತರ ಸಮುದ್ರದ ಎರಡೂ ದಡಗಳನ್ನು ಹಾಳುಗೆಡವಿದ ಮಹಾಪ್ರಳಯ ಬಂತು. ಹೀಗೆ ಊರು ಹಿಂದೆ ಸರಿಯುತ್ತ, ಕಡಲು ಮುಂದೆ ಬರುತ್ತ ಶತಮಾನಗಳು ಕಳೆದವು.

ಚರ್ಚುಗಳು ಬೀಳುವ ಮೊದಲೇ ಜನ ಅವುಗಳನ್ನು ಬಿಚ್ಚುತ್ತಿದ್ದರು. ಸಂತ ಪೀಟರನ ಚರ್ಚು ಧರೆಯ ಅಂಚಿಗೆ ಬಂದಾಗ, 1702ರಲ್ಲಿ, ಮಾಡಿನ ಸೀಸ, ತೊಲೆ, ಗಂಟೆಗಳನ್ನೆಲ್ಲ ಇಳಿಸಿಕೊಂಡರು. ಬಿರುಗಾಳಿಯ ರಾತ್ರಿಗಳಲ್ಲಿ ನೀರಿನ ಕೆಳಗಿನಿಂದ ಡನಿಚ್‌ನ ಗಂಟೆಗಳು ಕೇಳಿಸುತ್ತವೆ ಎಂಬ ಪ್ರಸಿದ್ಧ ಐತಿಹ್ಯಕ್ಕೆ ಈ ಲೆಕ್ಕಾಚಾರದ ಜನ ಅವಕಾಶವನ್ನೇ ಉಳಿಸಿರಲಿಲ್ಲವೆಂದು ಹೇಳಬೇಕಾಗುತ್ತದೆ.

ನೆಲ ಹೋದರೂ ಕಾಗದದ ಮೇಲೆ ಪೇಟೆ ಉಳಿದಿತ್ತು. 1298ರಿಂದ ಡನಿಚ್ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಊರಿನ ಬಹುಪಾಲು ಮೀನುಗಳ ವಾಸಸ್ಥಾನವಾದ ಮೇಲೂ ಆ ಹಕ್ಕು ತಪ್ಪಲಿಲ್ಲ. ಕೊನೆಕೊನೆಗೆ 32 ಮತದಾರರು, ಇಬ್ಬರು ಸದಸ್ಯರು. ಮ್ಯಾಂಚೆಸ್ಟರ್‌ನಂತಹ ಕೈಗಾರಿಕಾ ನಗರಕ್ಕೆ ಅದೇ ಕಾಲದಲ್ಲಿ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ಸ್ಥಾನಗಳು ಶ್ರೀಮಂತ ಮನೆತನಗಳ ಒಪ್ಪಂದದಲ್ಲಿ ಹಂಚಿಹೋಗುತ್ತಿದ್ದವು. ಹದಿನೆಂಟನೆಯ ಶತಮಾನದಲ್ಲಿ ಬಹುಕಾಲ ಇಲ್ಲಿಂದ ಸದಸ್ಯನಾಗಿದ್ದ ಸರ್ ಜಾರ್ಜ್ ಡೌನಿಂಗ್‌ನ ಆಸ್ತಿಯಿಂದಲೇ ಕೇಂಬ್ರಿಜ್‌ನ ಡೌನಿಂಗ್ ಕಾಲೇಜು 1800ರಲ್ಲಿ ಹುಟ್ಟಿತು. ಬ್ರಿಟಿಷ್ ಪ್ರಧಾನಿಗಳ ಮನೆಯಿರುವ ಡೌನಿಂಗ್ ಬೀದಿ ಅವನ ಅಜ್ಜನ ಹೆಸರಿನದು. 1832ರ ಸುಧಾರಣಾ ಕಾಯಿದೆ ಡನಿಚ್‌ನ ಎರಡೂ ಸ್ಥಾನಗಳನ್ನು ರದ್ದು ಮಾಡಿತು. ಅಷ್ಟಾದರೂ ಪುರಸಭೆ ಎಂಬ ಹೆಸರು 1886ರವರೆಗೆ ಉಸಿರಾಡಿಕೊಂಡಿತ್ತು.

ನೀರಿನಡಿಯ ಡನಿಚ್ ಈಗ ಪುರಾತತ್ವದ ವಿಷಯ. ಆಳ ಹೆಚ್ಚಿಲ್ಲ, ಮೂರರಿಂದ ಹತ್ತು ಮೀಟರ್. ಆದರೆ ಕೆಸರಿನಿಂದಾಗಿ ಕೈ ಚಾಚಿದರೆ ಬೆರಳು ಕಾಣದಷ್ಟು ಕತ್ತಲು. 1970ರ ದಶಕದಿಂದ ಸ್ಟುವರ್ಟ್ ಬೇಕನ್ ಎಂಬ ಮುಳುಗುಗಾರ ತಡವಿ ತಡವಿಯೇ ಚರ್ಚುಗಳ ಕಲ್ಲುಗಳನ್ನು ಗುರುತಿಸಿದ. ಆಮೇಲೆ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಸಿಯರ್ ಮತ್ತು ಸಂಗಡಿಗರು ಶಬ್ದತರಂಗಗಳ ನೆರವಿನಿಂದ ತಳವನ್ನು ಅಳೆದು, 1.8 ಚದರ ಕಿಲೊಮೀಟರ್ ವಿಸ್ತಾರದ ಪೇಟೆಯ ನಕ್ಷೆಯನ್ನು 2013ರಲ್ಲಿ ಪ್ರಕಟಿಸಿದರು. 1587ರಲ್ಲಿ ರಾಲ್ಫ್ ಅಗಾಸ್ ಎಂಬ ಭೂಮಾಪಕ ಬರೆದಿದ್ದ ನಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಲಾಯಿತು.

ಇತ್ತೀಚಿನ ದಶಕಗಳಲ್ಲಿ ಕೊರೆತ ನಿಧಾನವಾಗಿದೆ. ದಡದಿಂದಾಚೆ ನೀರೊಳಗೆ ಬೆಳೆದಿರುವ ಮರಳದಿಬ್ಬವೊಂದು ದೊಡ್ಡ ಅಲೆಗಳ ಕಸುವನ್ನು ದೂರದಲ್ಲಿಯೇ ಮುರಿಯುತ್ತದೆ. ಆ ದಿಬ್ಬ ಸರಿದರೆ ಲೆಕ್ಕ ಬದಲಾಗುತ್ತದೆ. ಧರೆಯ ಮೇಲಿನ ಫ್ರಾನ್ಸಿಸ್ಕನ್ ಮಠದಲ್ಲಿ ಈಗ ಆವರಣದ ಗೋಡೆ, ಎರಡು ಹೆಬ್ಬಾಗಿಲುಗಳು, ಭೋಜನಶಾಲೆಯ ಒಂದು ಪಾರ್ಶ್ವ ನಿಂತಿವೆ. ಒಳಗೆ ಹುಲ್ಲು ಬೆಳೆದಿದೆ. ಊರಿನಿಂದ ಹೊರಗೆ ಸರಿದಿದ್ದರಿಂದಲೇ ಅದು ಬದುಕಿತು. ಈಗ ಕಡಲು ಅದರ ಸಮೀಪಕ್ಕೆ ಬಂದಿದೆ.

ಮಧ್ಯಯುಗದ ಚರ್ಚುಗಳಲ್ಲಿ ಕೊನೆಯದು ಸರ್ವ ಸಂತರ ಚರ್ಚು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಅಲ್ಲಿ ಪೂಜೆ ನಿಂತಿತು. 1904ರಲ್ಲಿ ಧರೆಯ ಅಂಚು ಅದರ ಗೋಡೆಯನ್ನು ಮುಟ್ಟಿತು, 1919ರಲ್ಲಿ ಗೋಪುರ ಕಡಲಿಗೆ ಬಿತ್ತು. ಅದರ ಸ್ಮಶಾನದ ಎಲುಬುಗಳು ವರ್ಷಗಟ್ಟಲೆ ಧರೆಯಿಂದ ಹೊರಚಾಚಿ ಕಾಣುತ್ತಿದ್ದವು. ಗೋಪುರಕ್ಕೆ ಆನಿಕೆಯಾಗಿದ್ದ ಒಂದು ಕಲ್ಲುಕಂಬವನ್ನು ಮಾತ್ರ ಜನ ಬಿಚ್ಚಿ ಒಳನಾಡಿಗೆ ತಂದರು. ಅದನ್ನು ನಿಲ್ಲಿಸಲು ಅವರಿಗೆ ಒದಗಿದ ಜಾಗ 1832ರಲ್ಲಿ ಕಟ್ಟಿದ ಸಂತ ಜೇಮ್ಸನ ಹೊಸ ಚರ್ಚಿನ ಅಂಗಳ. ಆ ಅಂಗಳದಲ್ಲಿ, ಒಡ್ಡಿನಾಚೆ ದೂರವಿರಿಸಿದ್ದ ಕುಷ್ಠರೋಗಿಗಳ ಪ್ರಾರ್ಥನಾಮಂದಿರದ ಅರ್ಧವೃತ್ತದ ಗೋಡೆ, ಮಾಡಿಲ್ಲದೆ, ಕಮಾನುಗಳ ಗುರುತು ಮಾತ್ರ ಉಳಿಸಿಕೊಂಡು ಇಂದಿಗೂ ನಿಂತಿದೆ. ಪೇಟೆಯ ಕೊನೆಯ ಕಂಬ ಅದರ ನೆರೆಯಲ್ಲಿದೆ.

ನಮಸ್ಕಾರ.