ಮುಂದಕ್ಕೆ ಎಸಿ ಅಂತ ಕೂಗಿದವಳು

ಕೇಳುಗರಿಗೆ ನಮಸ್ಕಾರ.

ಮಗಳ ರಗ್ಬಿ ಪಂದ್ಯ ನೋಡಲು ಮೊದಲ ಸಲ ಹೋದ ದಿನ ನಾನು ಗಂಟಲು ಹರಿಯುವ ಹಾಗೆ ಕೂಗಿದ್ದು ಒಂದೇ ಮಾತು. "ಮುಂದಕ್ಕೆ ಎಸಿ! ಮುಂದಕ್ಕೆ ಎಸಿ!" ಚೆಂಡು ನಮ್ಮ ಹುಡುಗಿಯ ಕೈಯಲ್ಲಿತ್ತು. ಹತ್ತು ಹೆಜ್ಜೆ ಮುಂದೆ ನಮ್ಮವಳೇ ಇನ್ನೊಬ್ಬಳು ಒಂಟಿಯಾಗಿ ನಿಂತಿದ್ದಳು. ಅಷ್ಟು ಸುಲಭದ ಕೆಲಸ ಯಾಕೆ ಮಾಡುತ್ತಿಲ್ಲ ಅಂತ ನನಗೆ ಸಿಟ್ಟು. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ವಯಸ್ಸಾದವರೊಬ್ಬರು ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಈ ಆಟದಲ್ಲಿ ಅದೊಂದನ್ನು ಮಾತ್ರ ಮಾಡುವ ಹಾಗಿಲ್ಲ."

ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಪಕ್ಕಕ್ಕೆ ಕೊಡಬಹುದು, ಹಿಂದಕ್ಕೆ ಕೊಡಬಹುದು. ಮುಂದೆ ಹೋಗಬೇಕಾದರೆ ಅಪ್ಪಿಕೊಂಡು ಓಡಬೇಕು, ಇಲ್ಲ ಕಾಲಿನಿಂದ ಒದೆಯಬೇಕು. ಇಷ್ಟೂ ಗೊತ್ತಿಲ್ಲದೆ ನಾನು ಬೆಂಬಲ ಕೊಡಲು ಹೋಗಿದ್ದೆ!

ಇದು ಅಮೆರಿಕದ ಮಾತು. ಮಗಳು ಅಲ್ಲಿನ ಒಂದು ಸಣ್ಣ ಕಾಲೇಜಿಗೆ ಸೇರಿದ್ದು 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಆಗಷ್ಟೇ ಮುಗಿದಿತ್ತು. ಆ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಹೆಣ್ಣುಮಕ್ಕಳ ಸೆವೆನ್ಸ್ ತಂಡ (ಹದಿನೈದರ ಬದಲು ಏಳೇ ಜನ ಆಡುವ ರಗ್ಬಿ ಅದು) ಕೊನೇ ಗಳಿಗೆಯಲ್ಲಿ ಒಂದು ಟ್ರೈ ಹೊಡೆದು, ಅಂದರೆ ಚೆಂಡನ್ನು ಎದುರಾಳಿಗಳ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಿ, ಆಸ್ಟ್ರೇಲಿಯಾವನ್ನು 14-12ರಲ್ಲಿ ಸೋಲಿಸಿ ಕಂಚು ಗೆದ್ದಿತು. ಆ ತಂಡದ ಇಲೋನಾ ಮಾಹರ್ ಆಗ ಎಲ್ಲರ ಫೋನಿನಲ್ಲೂ ಇದ್ದಳು. ಅವಳೂ ಕಾಲೇಜಿನಲ್ಲಿ ಆಡಿ ಬೆಳೆದವಳೇ. ಕ್ವಿನಿಪಿಯಾಕ್ ಅನ್ನುವ ವಿಶ್ವವಿದ್ಯಾಲಯದ ತಂಡದಲ್ಲಿ 2015, 16, 17, ಮೂರು ವರ್ಷ ಸತತವಾಗಿ ರಾಷ್ಟ್ರೀಯ ಪಟ್ಟ ಗೆದ್ದವಳು. ಮಗಳು ಇದನ್ನೆಲ್ಲ ತೋರಿಸಿ, "ಅಮ್ಮಾ, ನಾನೂ ಸೇರ್ತೀನಿ" ಅಂದಳು. ಹಲ್ಲು ಮುರಿದುಕೊಳ್ಳುತ್ತೀಯ ಅಂದೆ. ಅದಕ್ಕೆ ಮೌತ್‌ಗಾರ್ಡ್ ಇದೆ ಅಂದಳು. ಆ ಮೌತ್‌ಗಾರ್ಡ್ ಕಥೆ ಆಮೇಲೆ ಬರುತ್ತದೆ.

ಅಮೆರಿಕದ ಕಾಲೇಜು ಆಟ ಅಂದರೆ ನಮ್ಮ ಕಣ್ಣಿಗೆ ಬರುವುದು ದೊಡ್ಡ ಸ್ಟೇಡಿಯಂ, ಬ್ಯಾಂಡು, ಟಿವಿ. ಅದು ಅವರ ಫುಟ್‌ಬಾಲಿಗೆ. ರಗ್ಬಿ ಬಹುಪಾಲು ಕಾಲೇಜುಗಳಲ್ಲಿ ಒಂದು ಕ್ಲಬ್ ಅಷ್ಟೆ. ಆಡುವ ಮಕ್ಕಳೇ ಚಂದಾ ಕಟ್ಟಬೇಕು. ಮೈದಾನ ಬುಕ್ ಮಾಡುವುದು, ಜರ್ಸಿ ಲೆಕ್ಕ ಇಡುವುದು, ಬಾಡಿಗೆ ವ್ಯಾನ್ ಹುಡುಕುವುದು ಎಲ್ಲವೂ ಮಕ್ಕಳ ತಲೆ ಮೇಲೆ. ಹಾಗಂತ ಇದು ನಿನ್ನೆ ಮೊನ್ನೆಯ ಆಟವೂ ಅಲ್ಲ. ಗಂಡುಮಕ್ಕಳ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್ ಶುರುವಾಗಿದ್ದು 1980ರಲ್ಲಿ, ಮೊದಲ ಪಟ್ಟ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ. ಹೆಣ್ಣುಮಕ್ಕಳ ಮೊಟ್ಟಮೊದಲ ವಿಶ್ವಕಪ್ 1991ರಲ್ಲಿ ವೇಲ್ಸ್‌ನಲ್ಲಿ ನಡೆದಾಗ ಅದನ್ನು ಗೆದ್ದದ್ದು ಅಮೆರಿಕ, ಇಂಗ್ಲೆಂಡನ್ನು 19-6ರಲ್ಲಿ ಸೋಲಿಸಿ. ಅಲ್ಲಿ ಯಾರನ್ನಾದರೂ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರುವುದಿಲ್ಲ. ನನ್ನ ಲೆಕ್ಕ ಇದು, ಯಾರೂ ಎಣಿಸಿದ್ದಲ್ಲ.

ಇಂಥ ಆಟದಲ್ಲಿ ಬೆಂಬಲಿಗ ಅಂದರೆ ಬರೀ ನೋಡುವವನಲ್ಲ. ಸುಮ್ನೆ ಹೋಗಿ ನಿಂತರೂ ಐದು ನಿಮಿಷದಲ್ಲಿ ಯಾರಾದರೂ ಕೈಗೆ ಏನಾದರೂ ಕೊಡುತ್ತಾರೆ. ನನ್ನ ಕೈಗೆ ಬಂದದ್ದು ಒಂದು ಚೀಲ. ಅದರೊಳಗೆ ಟೇಪಿನ ಸುರುಳಿ, ಕತ್ತರಿ, ಒಂದು ಜೊತೆ ಶೂ ಲೇಸು, ಪಂಪು, ಮತ್ತೆ ಕಿಕ್ಕಿಂಗ್ ಟೀ. ಚೆಂಡು ಮೊಟ್ಟೆಯಾಕಾರ ನೋಡಿ, ತಾನಾಗಿ ನಿಲ್ಲುವುದಿಲ್ಲ. ಗೋಲಿಗೆ, ಅಂದರೆ ಎರಡು ಕಂಬಗಳ ನಡುವೆ ಹಾಯುವಂತೆ, ಒದೆಯುವಾಗ ಅದನ್ನು ನಿಲ್ಲಿಸಲು ಅಂಗೈ ಅಗಲದ ರಬ್ಬರಿನ ಒಂದು ಸಿಂಬೆ ಬೇಕು. ನಮ್ಮದು ಕಿತ್ತಳೆ ಬಣ್ಣದ್ದು, ಒಂದು ಅಂಚನ್ನು ಯಾರದೋ ನಾಯಿ ಕಚ್ಚಿತ್ತು. ನಮ್ಮ ಕಿಕ್ಕರ್ ಹುಡುಗಿಗೆ ಅದೇ ಆಗಬೇಕು. ಹೊಸದು ತಂದುಕೊಟ್ಟರೆ ಬೇಡ ಅಂದಳು.

ಮಗಳ ಎರಡನೇ ವರ್ಷ ತಂಡ ಪ್ಲೇಆಫ್‌ಗೆ ಬಂತು. ರಾಷ್ಟ್ರೀಯ ಪ್ಲೇಆಫ್. ನವೆಂಬರ್ ತಿಂಗಳು, ಚಳಿ, ಕೆಸರು. ಲೀಗಿನಲ್ಲಾದರೆ ಒಂದು ಪಂದ್ಯ ಸೋತರೆ ಮುಂದಿನ ವಾರ ನೋಡಿಕೊಳ್ಳೋಣ ಅನ್ನಬಹುದು. ನಾಲ್ಕು ಟ್ರೈ ಹೊಡೆದರೆ ಬೋನಸ್ ಪಾಯಿಂಟು, ಏಳು ಅಥವಾ ಅದಕ್ಕೂ ಕಡಿಮೆ ಅಂತರದಲ್ಲಿ ಸೋತರೂ ಒಂದು ಸಮಾಧಾನದ ಪಾಯಿಂಟು. ಪ್ಲೇಆಫ್‌ನಲ್ಲಿ ಅಂಥ ಸಮಾಧಾನ ಯಾವುದೂ ಇಲ್ಲ. ಗೆದ್ದರೆ ಮುಂದಿನ ಶನಿವಾರ ಇನ್ಯಾವುದೋ ರಾಜ್ಯ, ಸೋತರೆ ಮನೆ.

ನಿಜ ಹೇಳಬೇಕೆಂದರೆ ನಮ್ಮಂಥವರಿಗೆ ಕಷ್ಟ ಶುರುವಾಗುವುದೇ ಗೆದ್ದಾಗ. ಶನಿವಾರ ಸಂಜೆ ಗೆಲ್ಲುತ್ತಾರೆ, ಕುಣಿಯುತ್ತಾರೆ. ಭಾನುವಾರ ಬೆಳಿಗ್ಗೆ ಗುಂಪಿನಲ್ಲಿ ಮೆಸೇಜು ಬರುತ್ತದೆ: ಒಂಬತ್ತು ಗಂಟೆ ದಾರಿ, ಆರು ದಿನ ಟೈಮಿದೆ, ವ್ಯಾನು ಸಿಕ್ಕಿಲ್ಲ, ರೂಮು ಸಿಕ್ಕಿಲ್ಲ, ಖಜಾನೆ ಖಾಲಿ. ನಾಲ್ಕು ಮನೆಯವರು ಕಾರು ತೆಗೆದರು. ಒಬ್ಬರ ಅಪ್ಪ ತಮ್ಮ ಅಂಗಡಿಯ ಸರಕಿನ ಗಾಡಿಯಲ್ಲಿ ಚೆಂಡು, ಬಾವುಟ, ಟ್ಯಾಕಲ್ ಪ್ಯಾಡುಗಳನ್ನು ಹೇರಿಕೊಂಡು ಹೊರಟರು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಮೂವರು ಫಾರ್ವರ್ಡ್‌ಗಳು, ಅಂದರೆ ತಳ್ಳಾಟಕ್ಕೆ ನಿಲ್ಲುವ ಗಟ್ಟಿಮುಟ್ಟು ಹುಡುಗಿಯರು. ಅವರ ಭುಜದ ಅಗಲ ನೋಡಿದವರಿಗೆ ಆ ಪ್ರಯಾಣ ಹೇಗಿತ್ತು ಅಂತ ಗೊತ್ತಾಗುತ್ತದೆ. ಒಬ್ಬಳು ದಾರಿಯುದ್ದಕ್ಕೂ ಅಕೌಂಟೆನ್ಸಿ ಓದುತ್ತಿದ್ದಳು.

ಅವತ್ತು ರಾತ್ರಿ ಹೋಟೆಲ್ ಮುಟ್ಟಿದ ಮೇಲೆ ಮಗಳು ಬಂದು ಬಾಗಿಲಲ್ಲಿ ನಿಂತಳು. ಮೌತ್‌ಗಾರ್ಡ್ ಮನೆಯಲ್ಲಿ, ಬಚ್ಚಲಿನ ಲೋಟದಲ್ಲಿ! ಅದಿಲ್ಲದೆ ಮೈದಾನಕ್ಕಿಳಿಯಲು ಕೋಚ್ ಬಿಡುವುದಿಲ್ಲ. ಅಂಗಡಿ ಹುಡುಕಿ, ಮುಚ್ಚುವ ಹೊತ್ತಿಗೆ ಓಡಿ, ಒಂದು ತಂದೆವು. ಆದರೆ ಅದನ್ನು ಹಾಗೇ ಹಾಕಿಕೊಳ್ಳಲು ಆಗುವುದಿಲ್ಲ. ಬಿಸಿ ನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಾಯಲ್ಲಿಟ್ಟು ಕಚ್ಚಬೇಕು, ಆಗ ಹಲ್ಲಿನ ಅಚ್ಚು ಕೂರುತ್ತದೆ. ರೂಮಿನ ಕಾಫಿ ಮೆಷಿನ್‌ನಲ್ಲಿ ಪುಡಿ ಹಾಕದೆ ಬರೀ ನೀರು ಕಾಯಿಸಿದೆವು. ಮೊದಲನೇ ಸಲ ನೀರಿನ ಬಿಸಿ ಸಾಲಲಿಲ್ಲ. ಎರಡನೇ ಸಲ ಸರಿಯಾಯಿತು. ರಾತ್ರಿ ಹನ್ನೊಂದೂವರೆಗೆ ಇಪ್ಪತ್ತು ವರ್ಷದ ಮಗಳು ಬಾಯಿ ಬಿಗಿಹಿಡಿದು ಮಂಚದ ಮೇಲೆ ಕೂತಿದ್ದಳು. ನಾನು ಗಡಿಯಾರ ನೋಡಿ ಸೆಕೆಂಡು ಎಣಿಸುತ್ತಿದ್ದೆ. ಮೊದಲ ಹಲ್ಲು ಬಂದಾಗಲೂ ಅವಳ ಬಾಯನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಮರುದಿನ ಕ್ವಾರ್ಟರ್‌ಫೈನಲ್. ಮಗಳು ಪ್ರಾಪ್, ಮೂರನೇ ನಂಬರ್ ಜರ್ಸಿ. ಸ್ಕ್ರಮ್‌ನಲ್ಲಿ ಮುಂದಿನ ಸಾಲಿನ ಬಲಗಡೆ ಇರುವವಳು. ಸ್ಕ್ರಮ್ ಅಂದರೆ ಈ ಕಡೆ ಎಂಟು ಜನ, ಆ ಕಡೆ ಎಂಟು ಜನ ತೋಳಿಗೆ ತೋಳು ಬಿಗಿದು, ಬಗ್ಗಿ, ಭುಜ ಕೊಟ್ಟು ತಳ್ಳುವುದು. ಟಗರಿನ ಕಾಳಗದ ಹಾಗೆ ದೂರದಿಂದ ಓಡಿ ಬಂದು ಗುದ್ದುವುದಲ್ಲ. ರೆಫ್ರಿ ಒಂದೊಂದೇ ಹಂತ ಕೂಗುತ್ತಾರೆ: ಕ್ರೌಚ್, ಬೈಂಡ್, ಸೆಟ್. ಕ್ರೌಚ್ ಅಂದಾಗ ಬಗ್ಗುತ್ತಾರೆ, ಬೈಂಡ್ ಅಂದಾಗ ಎದುರಿನವಳ ಜರ್ಸಿ ಹಿಡಿಯುತ್ತಾರೆ, ಸೆಟ್ ಅಂದಾಗ ಕೂಡುತ್ತಾರೆ. ಟಿವಿಯಲ್ಲಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಹತ್ತು ಅಡಿ ದೂರದಲ್ಲಿ ನಿಂತು ಕೇಳಬೇಕು. ಹದಿನಾರು ಜನರ ಉಸಿರು ಒಟ್ಟಿಗೆ ಹೊರಗೆ ಬರುವ 'ಹಕ್' ಅನ್ನುವ ಸದ್ದು. ಆಮೇಲೆ ಬೂಟಿನ ಮುಳ್ಳುಗಳು ಕೆಸರನ್ನು ಕಚ್ಚಿ ಹರಿಯುವ ಸದ್ದು. ಹೆತ್ತವಳಿಗೆ ಕಾಣುವುದು ಮಗಳ ಬೆನ್ನಿನ ಮೇಲಿನ ಮೂರು ಅನ್ನುವ ಅಂಕಿ ಮಾತ್ರ. ಅದು ಅಲುಗಾಡುತ್ತಿದ್ದರೆ ಸರಿ.

ಮೊದಲರ್ಧದಲ್ಲೇ ನಮ್ಮ ಕ್ಯಾಪ್ಟನ್ ಟ್ಯಾಕಲ್ ಮಾಡಲು, ಅಂದರೆ ಚೆಂಡು ಹಿಡಿದವಳನ್ನು ಹಿಡಿದು ಕೆಡವಲು, ಹೋಗಿ ತಲೆಗೆ ಏಟು ಮಾಡಿಕೊಂಡಳು. ಎದ್ದು ನಿಂತಳು, ನಕ್ಕಳು, ಹೆಬ್ಬೆರಳು ಎತ್ತಿ ತೋರಿಸಿದಳು. ಆದರೂ ಹೊರಗೆ ಕರೆದರು. ತಲೆಗೆ ಪೆಟ್ಟಾಗಿದೆ ಅನ್ನುವ ಅನುಮಾನ ಬಂದರೆ ಸಾಕು, ಈ ಮಟ್ಟದ ಆಟದಲ್ಲಿ ಅವತ್ತು ಮತ್ತೆ ಇಳಿಯುವಂತಿಲ್ಲ. "ಚೆನ್ನಾಗೇ ಇದ್ದಾಳಲ್ಲ, ಆಡಲಿ ಬಿಡಿ" ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಕ್ಯಾಪ್ಟನ್‌ಳ ಅಮ್ಮ ನನ್ನ ಪಕ್ಕದಲ್ಲೇ ಇದ್ದರು. ಸಿಟ್ಟಾಗಲಿಲ್ಲ. "ಗುರುವಾರ ಅವಳಿಗೆ ಪರೀಕ್ಷೆ ಇದೆ. ತಲೆ ಬೇಕಾಗುತ್ತೆ" ಅಂದರು. ನಾನು ಚೀಲದ ಜಿಪ್ಪು ತೆಗೆದು ಏನನ್ನೋ ಹುಡುಕುವವಳ ಹಾಗೆ ಕೂತೆ.

ಇನ್ನೊಂದು ವಿಷಯ ನನಗೆ ತುಂಬಾ ಹಿಡಿಸಿದ್ದು. ರೆಫ್ರಿ ಜೊತೆ ಮಾತಾಡುವ ಹಕ್ಕು ಇರುವುದು ಕ್ಯಾಪ್ಟನ್‌ಗೆ ಮಾತ್ರ. ಉಳಿದವರು ವಾದಕ್ಕೆ ನಿಂತರೆ ಪೆನಾಲ್ಟಿ. ಹೊರಗಿನವರು ಕೂಗಾಡಿದರೆ ನಮ್ಮ ತಂಡದ ಹಿರಿಯ ಹುಡುಗಿಯರೇ ತಿರುಗಿ ನೋಡುತ್ತಾರೆ. ಆ ನೋಟ ಬಿದ್ದರೆ ಸಾಕು, ಎಂಥವರೂ ತೆಪ್ಪಗಾಗುತ್ತಾರೆ. ನಮ್ಮ ಮನೆಯವರೂ ತೆಪ್ಪಗಾದರು. ಟಿವಿ ಮುಂದೆ ಅಂಪೈರ್‌ಗಳಿಗೆ ಮೂವತ್ತು ವರ್ಷ ಬೈದು ಅಭ್ಯಾಸ ಆಗಿರುವ ಮನುಷ್ಯ ಅವರು.

ಎಂಬತ್ತು ನಿಮಿಷ ಮುಗಿಯುತ್ತಾ ಬಂತು. ನಾವು 17, ಅವರು 19. ಅವರ ಗೋಲಿನ ಹತ್ತಿರ, ಕಂಬಗಳಿಂದ ತುಸು ಎಡಕ್ಕೆ, ಸ್ಕ್ರಮ್. ರಗ್ಬಿಯಲ್ಲಿ ಟೈಮ್ ಮುಗಿದ ಕೂಡಲೇ ಆಟ ನಿಲ್ಲುವುದಿಲ್ಲ. ಚೆಂಡು ಆಟದಲ್ಲಿ ಇರುವ ತನಕ ನಡೆಯುತ್ತದೆ. ಕ್ರೌಚ್. ಬೈಂಡ್. ಸೆಟ್. ಮೂರು ಅನ್ನುವ ಅಂಕಿ ಒಂದು ಗೇಣು ಮುಂದೆ ಹೋಯಿತು. ಮತ್ತೆ ಅರ್ಧ ಗೇಣು. ಅವರ ಸಾಲು ತಡೆಯಲಾರದೆ ನೆಲಕ್ಕೆ ಕುಸಿಯಿತು. ರೆಫ್ರಿ ಸೀಟಿ ಊದಿ ಕೈ ನಮ್ಮ ಕಡೆ ಎತ್ತಿದರು. ಪೆನಾಲ್ಟಿ! ಗೋಲಿಗೆ ಒದ್ದು ಗೆದ್ದರೆ ಮೂರು ಪಾಯಿಂಟು.

ನಾನು ಚೀಲದಿಂದ ಟೀ ತೆಗೆದು ನೀರು ಕೊಡುವ ಹುಡುಗಿಯ ಕೈಗಿಟ್ಟೆ. ಅವಳು ಓಡಿದಳು.

ಅಮೆರಿಕದ ಫುಟ್‌ಬಾಲಿನಲ್ಲಿ, ಬಾಸ್ಕೆಟ್‌ಬಾಲಿನಲ್ಲಿ ಇಂಥ ಗಳಿಗೆಗೆ ಎದುರು ಕಡೆಯವರು ಕಿರುಚುತ್ತಾರೆ, ಕೈ ಬೀಸುತ್ತಾರೆ, ಗಮನ ಕೆಡಿಸಲು ಏನೆಲ್ಲ ಮಾಡುತ್ತಾರೆ. ರಗ್ಬಿಯಲ್ಲಿ ಹಳೆಯ ರೂಢಿ ಬೇರೆ. ಕಿಕ್ಕರ್ ಯಾರ ಕಡೆಯವಳೇ ಆಗಲಿ, ಎಲ್ಲರೂ ಬಾಯಿ ಮುಚ್ಚಬೇಕು. ಐರ್ಲೆಂಡಿನ ಲಿಮರಿಕ್‌ನಲ್ಲಿರುವ ಥಾಮಂಡ್ ಪಾರ್ಕ್ ಈ ಮೌನಕ್ಕೇ ಹೆಸರುವಾಸಿ. ಸಾವಿರಾರು ಜನ ಕೂತಿರುವ ಸ್ಟೇಡಿಯಂ ಪೂರ್ತಿ ತಣ್ಣಗಾಗುತ್ತದೆ. ನಮ್ಮಲ್ಲಿ ಇದ್ದವರು ಎರಡೂ ಕಡೆ ಸೇರಿ ನೂರೈವತ್ತು ಇರಬಹುದು. ಸೋತರೆ ಮನೆಗೆ ಹೋಗಬೇಕಾದ ಆ ಕಡೆಯವರೂ ಸುಮ್ಮನಾದರು. ದೂರದಲ್ಲಿ ಬಾವುಟದ ಹಗ್ಗ ಕಂಬಕ್ಕೆ ಬಡಿಯುವುದು ಕೇಳುತ್ತಿತ್ತು. ಒದೆಯಲು ಒಂದು ನಿಮಿಷ ಕೊಡುತ್ತಾರೆ. ಹುಡುಗಿ ಚೆಂಡಿಟ್ಟಳು, ಕೆಸರು ಒರೆಸಿ ಇನ್ನೊಮ್ಮೆ ಇಟ್ಟಳು, ನಾಲ್ಕು ಹೆಜ್ಜೆ ಹಿಂದೆ ಬಂದಳು. ನಾನು ನೋಡಲಿಲ್ಲ. ಎದುರು ತಂಡದ ಅಮ್ಮಂದಿರ ಮುಖ ನೋಡುತ್ತಿದ್ದೆ. ಅವರ ಮುಖ ಇಳಿದಾಗ ಗೊತ್ತಾಯಿತು, 20-19 ಅಂತ.

ಸೆಮಿಫೈನಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 31-10. ಸೋತೆವು. ನಮಗಿಂತ ಅವರು ಜೋರಾಗಿದ್ದರು, ಅಷ್ಟೆ. ಕ್ಯಾಪ್ಟನ್ ಕೋಟು ಹಾಕಿಕೊಂಡು ಮೈದಾನದ ಅಂಚಿನ ಗೆರೆಯ ಆಚೆ ನಿಂತು, ಕೊನೆಯವರೆಗೂ ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗುತ್ತಿದ್ದಳು. ಪಂದ್ಯ ಮುಗಿದ ಮೇಲೆ ಗೆದ್ದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು, ನಮ್ಮವರು ಅದರ ನಡುವೆ ಹಾದು ಬಂದರು. ಆಮೇಲೆ ಎರಡೂ ತಂಡ ಒಟ್ಟಿಗೆ ಊಟಕ್ಕೆ ಕೂತವು. ನನ್ನ ಮಗಳು, ಇಡೀ ಮಧ್ಯಾಹ್ನ ತನ್ನ ಕುತ್ತಿಗೆ ತಿರುಚಿದ ಪ್ರಾಪ್ ಹುಡುಗಿಯ ಪಕ್ಕ ಕೂತು ಅವಳ ತಟ್ಟೆಯಿಂದ ತಿನ್ನುತ್ತಿದ್ದಳು. ಅಳುವುದೆಲ್ಲ ಕಾರಿನಲ್ಲಿ ಆಯಿತು.

ಜರ್ಸಿ ಒಗೆಯುವ ಪಾಳಿ ಅವತ್ತು ನನ್ನದು. ಕ್ಲಬ್ಬಿನ ಜರ್ಸಿ, ಒಂದು ಕಳೆದರೂ ಮುಂದಿನ ವರ್ಷಕ್ಕೆ ತೊಂದರೆ. ಸೋಮವಾರ ಎಲ್ಲವನ್ನೂ ಒಣಗಿಸಿ ನೆಲದ ಮೇಲೆ ಹರಡಿ ಎಣಿಸಿದೆ. ಒಂದರಿಂದ ಇಪ್ಪತ್ತಮೂರು, ಎಲ್ಲ ಇತ್ತು. ಜೊತೆಗೆ ನಮ್ಮದಲ್ಲದ ಒಂದು ಕೆಂಪು ಪಟ್ಟೆಯ ಒಂಟಿ ಸಾಕ್ಸ್. ಚೀಲ ನೋಡಿದರೆ ಟೀ ಇಲ್ಲ.

ಆ ತಂಡದ ಒಬ್ಬಳ ಅಮ್ಮನ ನಂಬರ್ ಊಟದ ಹೊತ್ತಿನಲ್ಲಿ ತೆಗೆದುಕೊಂಡಿದ್ದೆ. ಸಾಕ್ಸ್‌ನ ಫೋಟೋ ಕಳಿಸಿ, ಇದು ನಿಮ್ಮದಾ ಅಂತ ಕೇಳಿದೆ. ಹತ್ತು ನಿಮಿಷಕ್ಕೆ ಅವರಿಂದ ಒಂದು ಫೋಟೋ ಬಂತು. ಕಿತ್ತಳೆ ಬಣ್ಣದ ಟೀ, ನಾಯಿ ಕಚ್ಚಿದ ಅಂಚು. ಕೆಳಗೆ ಬರೆದಿದ್ದರು: "ನಮ್ಮ ಚೆಂಡುಗಳ ಚೀಲದಲ್ಲಿ ಸಿಕ್ಕಿತು. ನಾಳೆಯೇ ಪೋಸ್ಟ್ ಮಾಡುತ್ತೇನೆ. ಆದರೆ ನಮ್ಮ ಕಿಕ್ಕರ್ ನಿನ್ನೆ ಇದರಲ್ಲೇ ಅಭ್ಯಾಸ ಮಾಡಿದಳು, ಬಿಡಲೊಲ್ಲಳು. ಶನಿವಾರ ಫೈನಲ್ ಇದೆಯಲ್ಲ..."

ನಮ್ಮ ಕಿಕ್ಕರ್‌ಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದಳು: "ಇಟ್ಟುಕೊಳ್ಳಲಿ ಆಂಟಿ. ಕಚ್ಚಿದ ಅಂಚು ಕಂಬದ ಕಡೆಗೆ ಬರಬೇಕು ಅಂತ ಮಾತ್ರ ಅವಳಿಗೆ ಹೇಳಿ."

ನಮಸ್ಕಾರ.